ಗುಲಾಬನಿಗೆ ಖಬರಿಲ್ಲ

ದನ ಸತ್ತ ಮನೆಗೆ ನಾನು ಸಮಾಧಾನ ಹೇಳಲು ಹೋಗುವವಳಲ್ಲ. ಅದಕ್ಕೆ ಓಣಿಯ ಜನರಿರುತ್ತಾರೆ. ನಾನು ಹೋಗುವುದು ಅದು ಯಾಕೆ ಸತ್ತಿತು ಎಂದು ನೋಡಲಿಕ್ಕೆ, ಉಳಿದವು ಸಾಯದಂತೆ ಮಾಡಲಿಕ್ಕೆ. ಪಶುವೈದ್ಯೆಯಾಗಿ ಚಿಂಚೋಳಿ ತಾಲೂಕಿಗೆ ಬಂದ ಮೇಲೆ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ, ತುಸು ಜಂಬದಿಂದಲೇ. ಐನಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಒಂದು ಎತ್ತು ಸತ್ತ ಮೇಲೆ ಹೇಳುವುದನ್ನು ಬಿಟ್ಟೆ.

ಮುಂಗಾರಿನ ಮೊದಲ ಮಳೆ ಆಗಿ ತೊಗರಿ ಬಿತ್ತನೆಗೆ ಜನ ಅವಸರ ಮಾಡುತ್ತಿದ್ದ ದಿನಗಳು. ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ಎತ್ತಿನ ಮಾಲಕರು ಅರವತ್ತು ದಾಟಿದ ಮುಸ್ಲಿಂ ರೈತರು. ಊರಿನವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರದು ಬಿಳಿ ಮೈಮೇಲೆ ಕಪ್ಪು ಮಚ್ಚೆಯಿರುವ ದೇವಣಿ ತಳಿಯ ಜೋಡಿ. ಮಚ್ಚೆಗೆ ಮಚ್ಚೆ ಹೊಂದಿಸಿ, ಕರುಗಳಿದ್ದಾಗಲೇ ಆರಿಸಿ ತಂದವು. ಒಂದರ ಹೆಸರು ಮಾಣಿಕ, ಇನ್ನೊಂದರ ಹೆಸರು ಗುಲಾಬ. ಹನ್ನೊಂದು ವರ್ಷ ನೊಗದ ಬಲಕ್ಕೆ ಮಾಣಿಕ, ಎಡಕ್ಕೆ ಗುಲಾಬ. ಕಿವಿಗೆ ಹೊಡೆದ ಹಳದಿ ಬಿಲ್ಲೆಯ ನಂಬರು ಓದದಿದ್ದರೆ ನನಗಂತೂ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಚಾಚಾ ಮಾತ್ರ ಕೆಮ್ಮಿನ ಸದ್ದಿನ ಮೇಲೆ ಹೇಳುತ್ತಿದ್ದರು.

ನಾನು ಹೋದಾಗ ಮಾಣಿಕ ಕೊಟ್ಟಿಗೆಯ ಮುಂದೆ ಬಿದ್ದಿತ್ತು. ಹಿಂದಿನ ಸಂಜೆ ಚೆನ್ನಾಗಿ ಮೇವು ತಿಂದ ಎತ್ತು. ಹೊಟ್ಟೆ ಉಬ್ಬಿತ್ತು, ಮೂಗಿನಿಂದ ಕಪ್ಪು ರಕ್ತ ಸೋರಿತ್ತು, ಆ ರಕ್ತ ಹೆಪ್ಪುಗಟ್ಟಿರಲಿಲ್ಲ. ಇವೆಲ್ಲ ಒಟ್ಟಿಗೆ ಕಂಡರೆ ನಮ್ಮ ಕೆಲಸದಲ್ಲಿ ಮೊದಲು ಹೆದರುವುದು ಆಂಥ್ರಾಕ್ಸಿಗೆ. ಮನುಷ್ಯರಿಗೂ ಹತ್ತುವ ರೋಗ ಅದು, ಅದರ ಬೀಜ ಒಮ್ಮೆ ಮಣ್ಣಿಗೆ ಬಿದ್ದರೆ ಬಹಳ ವರ್ಷ ಸಾಯುವುದಿಲ್ಲ. ಹಾಗಾಗಿ ಹೆಣ ಕೊಯ್ದು ನೋಡುವಂತಿಲ್ಲ, ಚರ್ಮ ಸುಲಿಯುವಂತಿಲ್ಲ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿ ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರುವ ತನಕ ಆಂಥ್ರಾಕ್ಸ್ ಇದೆ ಎಂದೇ ತಿಳಿದು ನಡೆಯಬೇಕು. ಆರಡಿ ಗುಂಡಿ, ಕೆಳಗೊಂದು ಪದರ ಮೇಲೊಂದು ಪದರ ಸುಣ್ಣ. ಸತ್ತದ್ದು ಮುಟ್ಟಿದ ಮೇವು, ಹಗ್ಗ, ಗೊಂಡೆ ಎಲ್ಲ ಬೆಂಕಿಗೆ. ಜೊತೆಗಿದ್ದ ದನ ದೂರ ಕಟ್ಟಬೇಕು. ನಾನು ರಾವೂರಿನವಳು, ಸುಣ್ಣದ ಕಲ್ಲಿನ ಗಣಿಯ ಧೂಳಿನಲ್ಲೇ ಬೆಳೆದವಳು. ಸುಣ್ಣ ಎಷ್ಟು ಹಾಕಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಾಚಾ ಇದಕ್ಕೆಲ್ಲ ಹೂಂ ಅಂದರು. ಒಂದನ್ನು ಮಾತ್ರ ಕೇಳಿದರು. ಆ ಊರಿನಲ್ಲಿ ಜೋಡಿಯ ಒಂದು ಎತ್ತು ಸತ್ತರೆ, ಮಣ್ಣು ಮಾಡುವ ಮೊದಲು ಇನ್ನೊಂದನ್ನು ತಂದು ಮೂಸಲು ಬಿಡುವ ರೂಢಿಯಿದೆ.

"ಒಮ್ಮಿ ಮೂಸಿ ನೋಡ್ಲಿ ಮೇಡಂ. ಹನ್ನೊಂದು ವರ್ಷದ ಜೋಡಿ ಅದ."

ಮೂಸುವುದೆಂದರೆ ಆ ರಕ್ತಕ್ಕೆ ಮೂಗು ಹಚ್ಚುವುದು. ನಾನು ಸಿಡಿದೆ.

"ಅದೂ ಸಾಯ್ಬೇಕೇನ್ರಿ ಚಾಚಾ? ನಡೀರಿ, ಮೊದ್ಲು ಅದನ್ನ ಇಲ್ಲಿಂದ ಒಯ್ರಿ."

ನನ್ನ ಜೊತೆಗಿದ್ದ ಕಂಪೌಂಡರ್ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯರು, ನಾನು ಕಾಕಾ ಅನ್ನುತ್ತೇನೆ. ಅವರು ಗಂಟಲು ಸರಿ ಮಾಡಿಕೊಂಡರು. ಏನೋ ಹೇಳಬೇಕೆನ್ನುವಾಗ ಅವರು ಮಾಡುವುದೇ ಅದು. ನಾನು ಅವರ ಕಡೆ ನೋಡಲೇ ಇಲ್ಲ. ಗುಲಾಬನನ್ನು ಹಿತ್ತಲ ದಾರಿಯಿಂದ ಅರ್ಧ ಕಿಲೋಮೀಟರ್ ದೂರದ ನೆಂಟರ ಕೊಟ್ಟಿಗೆಗೆ ಒಯ್ದರು. ಆಮೇಲೆ ಜೆಸಿಬಿ ಬಂತು. ಹೊಲದ ಮೂಲೆಯಲ್ಲಿ ಗುಂಡಿ ತೆಗೆದು, ಸುಣ್ಣ ಸುರಿದು, ಮಾಣಿಕನನ್ನು ಇಳಿಸಿ ಮುಚ್ಚಿ, ಸುತ್ತ ಜಾಲಿಮುಳ್ಳು ಹಚ್ಚಿಸಿದೆ. ಹಗ್ಗ ಗೊಂಡೆ ಸುಟ್ಟಿರೇನು ಎಂದು ಕೇಳಿದಾಗ ಚಾಚಾ ಸುಟ್ಟೆ ಎಂದು ಬೂದಿ ತೋರಿಸಿದರು. ಗುಲಾಬನಿಗೆ ಪೆನ್ಸಿಲಿನ್ ಕೊಟ್ಟು, ದಿನಕ್ಕೆರಡು ಸಲ ಜ್ವರ ನೋಡಲು ಹೇಳಿ ಬಂದೆ. ಒಳ್ಳೆ ಕೆಲಸ ಮಾಡಿದ ದಿನದ ದಣಿವು ಮೈಯಲ್ಲಿತ್ತು. ಸ್ನಾನ ಮಾಡಿ ನಿಶ್ಚಿಂತೆಯಿಂದ ಉಂಡೆ.

ಐದನೆಯ ದಿನ ವರದಿ ಬಂತು. ಆಂಥ್ರಾಕ್ಸಿನ ರೋಗಾಣು ಇಲ್ಲ. ಹಾಗಾದರೆ ಮಾಣಿಕ ಯಾಕೆ ಸತ್ತಿತು? ಮರಣದ ಕಾರಣದ ಕಾಲಂನಲ್ಲಿ "ಹಾವು ಕಡಿದಿರುವ ಶಂಕೆ" ಎಂದು ಬರೆದೆ. ಹಲ್ಲಿನ ಗುರುತು ನಾನೇನೂ ಕಂಡಿರಲಿಲ್ಲ. ಗೊತ್ತಿಲ್ಲ ಎಂದು ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿಲ್ಲ. ಗುಲಾಬನನ್ನು ಮನೆಗೆ ತಂದುಕೊಳ್ಳಬಹುದೆಂದು ಚಾಚಾನಿಗೆ ಫೋನ್ ಮಾಡಿ ಹೇಳಿದೆ.

ಮರುದಿನ ಅವರ ಫೋನು.

"ಮೇಡಂ, ಗುಲಾಬಗ ಖಬರಿಲ್ರಿ."

ನಮ್ಮ ಕಡೆ ಖಬರ್ ಅಂದರೆ ಸುದ್ದಿ. ಎಚ್ಚರಕ್ಕೂ ಅದೇ ಮಾತು. ನೆನಪು, ಗೇನ ಇಲ್ಲದವರನ್ನು ಖಬರ್ಗೇಡಿ ಎಂದು ಬಯ್ಯುತ್ತೇವೆ, ನನ್ನ ತಾಯಿ ದಿನಕ್ಕೆ ನಾಲ್ಕು ಸಲ ನನ್ನನ್ನು ಬಯ್ದಿದ್ದಾರೆ. ಆದರೆ ದನದ ಡಾಕ್ಟರಿಗೆ ಫೋನ್ ಮಾಡಿ ಖಬರಿಲ್ಲ ಅಂದರೆ ಒಂದೇ ಅರ್ಥ, ದನ ಮೂರ್ಛೆ ಹೋಗಿ ಬಿದ್ದಿದೆ. ಆಸ್ಪತ್ರೆಯ ಮುಂದೆ ಸುಲೇಪೇಟದಿಂದ ತಂದ ಮೇಕೆಗಳ ಸಾಲಿತ್ತು. ಅವನ್ನು ಹಾಗೇ ಬಿಟ್ಟು, ಕ್ಯಾಲ್ಸಿಯಂ, ಗ್ಲೂಕೋಸ್ ಬಾಟಲಿಗಳನ್ನು ಚೀಲಕ್ಕೆ ತುರುಕಿ, ಕಾಕಾನನ್ನು ಹಿಂದೆ ಕೂರಿಸಿಕೊಂಡು ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು, ವರದಿ ತಪ್ಪಾಗಿತ್ತೇ ಎನ್ನುವುದೊಂದೇ.

ಗುಲಾಬ ಕೊಟ್ಟಿಗೆಯಲ್ಲಿ ನಿಂತಿತ್ತು. ಕಣ್ಣು ತೆರೆದೇ ಇತ್ತು. ನನ್ನ ಕಡೆ ಕಿವಿ ತಿರುಗಿಸಿತು ಕೂಡ. ನನಗೆ ಸಿಟ್ಟು ಬಂತು. ಖಬರ್ ಇದೆಯಲ್ಲ, ಸುಳ್ಳು ಹೇಳಿ ಓಡಿಸಿಕೊಂಡು ಬಂದಿರಲ್ಲ ಎಂದು ರೇಗಿದೆ. ಚಾಚಾ ಗಾಬರಿಯಾದರು.

"ಖಬರ್ ಅಂದ್ರ ಹಂಗಲ್ರಿ ಮೇಡಂ. ಮಾಣಿಕ ಸತ್ತದಂತ ಅದಕ ಖಬರಿಲ್ಲ. ಎಲ್ಲಿಗೋ ಹೋಗ್ಯಾದ, ಬರ್ತದಂತ ಹಾದಿ ನೋಡ್ಲಿಕತ್ತದ. ನೀರು ಕುಡೀತದ, ಅವತ್ತಿನಿಂದ ಮೇವು ತಿನ್ನವಲ್ದು. ನಿಂತ ರೀತಿ ನೋಡ್ರಿ."

ನೋಡಿದೆ. ಮೇವಿನ ಗ್ವಾದಲಿ ಎರಡು ಎತ್ತಿನಷ್ಟು ಅಗಲವಿತ್ತು. ಗುಲಾಬ ಎಡಗಡೆಯ ಗೋಡೆಗೆ ಒತ್ತಿ ನಿಂತಿತ್ತು. ಬಲಕ್ಕೆ ಇನ್ನೊಂದು ಎತ್ತು ನಿಲ್ಲುವಷ್ಟು ಜಾಗ ಖಾಲಿ. ನೀರಿಗೆ ಬಿಟ್ಟಾಗಲೂ ದಾರಿಯ ಎಡ ಅಂಚು ಹಿಡಿದೇ ಹೋಯಿತು, ಬಂದಿತು. ಕಾಕಾ ನನ್ನ ಮುಖ ನೋಡಿದರು. ಹನ್ನೊಂದು ವರ್ಷದ ರೂಢಿ, ಇನ್ನೇನು, ಎಂದೆ. ನಿಜವೂ ಹೌದು. ಗಾಣದ ಎತ್ತನ್ನು ಬಯಲಿಗೆ ಬಿಟ್ಟರೂ ಸುತ್ತುತ್ತದೆ.

ದುಃಖ ಎನ್ನುವ ಪದ ನನ್ನ ಚೀಟಿಯಲ್ಲಿ ಬರುವಂತಿಲ್ಲ. ಹಾಗಾಗಿ ಅಳೆಯಬಹುದಾದದ್ದನ್ನು ಅಳೆದೆ. ಜ್ವರವಿಲ್ಲ. ಎಡ ಪಕ್ಕೆಗೆ ಕಿವಿಗೊಳವೆ ಇಟ್ಟರೆ ಹೊಟ್ಟೆಯ ಗುಡುಗು ಐದು ನಿಮಿಷಕ್ಕೆ ಎರಡು ಸಲ, ಅದೂ ಸಣ್ಣಗೆ. ಇರಬೇಕಾದದ್ದು ಆರೇಳು. ಸೆಗಣಿ ಗಟ್ಟಿ, ಸ್ವಲ್ಪ. ಬೆನ್ನು ಚಿವುಟಿದರೆ ನೋವಿನ ಸದ್ದಿಲ್ಲ. ಹೊಟ್ಟೆ ಕೆಲಸ ಶುರು ಮಾಡುವ ಔಷಧ, ಬಿ ಕಾಂಪ್ಲೆಕ್ಸ್, ಗ್ಲೂಕೋಸ್ ಕೊಟ್ಟೆ. ಕಾಕಾ ಹಳೆಯ ಪದ್ಧತಿಯಂತೆ ಪಕ್ಕದ ಮನೆಯ ಆಕಳು ಮೆಲುಕು ಹಾಕುವಾಗ ಅದರ ಬಾಯಿಯ ಮೆಲುಕನ್ನು ತೆಗೆದು ಗುಲಾಬನ ಬಾಯಿಗೆ ಹಾಕಿದರು. ಇದು ಪುಸ್ತಕದಲ್ಲೂ ಇದೆ, ನಾನು ಬೇಡವೆನ್ನಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ, ಮತ್ತೆ ಎರಡು ದಿನ ಬಿಟ್ಟು ಹೋದೆ. ಪಕ್ಕೆಲುಬು ಎಣಿಸುವಂತಾಗಿತ್ತು. ಹನ್ನೊಂದನೆಯ ದಿನ ಎಡ ಪಕ್ಕೆ ಉಬ್ಬಿಕೊಂಡು, ಒತ್ತಿದರೆ ಕಲಸಿದ ಹಿಟ್ಟಿನ ಹಾಗೆ ಗುಳಿ ಬೀಳುತ್ತಿತ್ತು. ಮೆಲುಕು ಪೂರ್ತಿ ನಿಂತಿತ್ತು.

ನಿಜ ಹೇಳಬೇಕೆಂದರೆ ನನಗೆ ಸಂತೋಷವಾಯಿತು. ಉಬ್ಬಿದ ಹೊಟ್ಟೆ ನನಗೆ ಗೊತ್ತಿರುವ ಭಾಷೆ. ಒಳಗೆ ಏನೋ ಅಡ್ಡ ಬಿದ್ದಿದೆ, ತಂತಿಯೋ ಪ್ಲಾಸ್ಟಿಕ್ಕೋ, ತೆಗೆದರೆ ಎತ್ತು ತಿನ್ನುತ್ತದೆ. ನಮ್ಮ ರಾವೂರು, ಶಹಾಬಾದದ ಕಡೆ ಗಣಿಯ ತಂತಿ ತಿಂದು ಬಂದ ದನಗಳ ಹೊಟ್ಟೆ ನೋಡಿದವಳು ನಾನು. ಬೀದರಿನಲ್ಲಿ ನನಗೆ ಶಸ್ತ್ರಚಿಕಿತ್ಸೆ ಕಲಿಸಿದ ಗುರುಗಳಿಗೆ ಫೋನಿನಲ್ಲಿ ವಿಡಿಯೋ ತೋರಿಸಿದೆ. ತಡ ಮಾಡಬೇಡ, ಹೊಟ್ಟೆ ತೆರೆ ಎಂದರು. ಬಡಕಲಾದ ಎತ್ತು ತಡೆದೀತೇ ಎಂಬ ಭಯ ಇಬ್ಬರಿಗೂ ಇತ್ತು. ತೆರೆಯದಿದ್ದರೆ ವಾರ ಉಳಿಯುವುದಿಲ್ಲ ಎನ್ನುವುದೂ ಗೊತ್ತಿತ್ತು. ಚಾಚಾನಿಗೆ ಎರಡನ್ನೂ ಮುಚ್ಚಿಡದೆ ಹೇಳಿದೆ. ಅವರು ಗುಲಾಬನ ಕೊರಳಿನ ಗಂಗೆದೊಗಲು ಸವರುತ್ತ, ನಿಮ್ಮ ಕೈಯಲ್ಲಿದೆ, ಮಾಡಿರಿ ಎಂದರು.

ಮರುದಿನ ಗೂಡ್ಸ್ ಗಾಡಿಯಲ್ಲಿ ಗುಲಾಬ ಆಸ್ಪತ್ರೆಗೆ ಬಂತು. ಕಬ್ಬಿಣದ ಕೊಳವೆಗಳ ಚೌಕಟ್ಟಿನಲ್ಲಿ ನಿಲ್ಲಿಸಿ ಕಟ್ಟಿದೆವು. ಈ ಶಸ್ತ್ರಚಿಕಿತ್ಸೆಯಲ್ಲಿ ದನ ನಿಂತೇ ಇರುತ್ತದೆ, ಎಚ್ಚರವಾಗಿಯೇ ಇರುತ್ತದೆ. ಎಡ ಪಕ್ಕೆಯ ಕೂದಲು ಬೋಳಿಸಿ, ತೊಳೆದು, ಅಯೋಡಿನ್ ಬಳಿದು, ಮರಗಟ್ಟುವ ಮದ್ದನ್ನು ಸಾಲಾಗಿ ಚುಚ್ಚಿದೆ. ಸೂಜಿ ಮೊನೆಗೆ ಚರ್ಮ ಅದುರದೆ ಹೋದಾಗ ಒಂದು ಗೇಣಿಗಿಂತ ತುಸು ಉದ್ದ ಕೊಯ್ದೆ. ಚರ್ಮ, ಆಮೇಲೆ ಮಾಂಸದ ಪದರಗಳು, ಒಳಪೊರೆ, ಅದರಾಚೆ ಬೂದು ಬಣ್ಣದ ದೊಡ್ಡ ಹೊಟ್ಟೆ. ಒಳಗಿನದು ಸೋರದಂತೆ ಹೊಟ್ಟೆಯ ಗೋಡೆಯನ್ನು ಚರ್ಮದ ಅಂಚಿಗೆ ಹೊಲಿದು ಭದ್ರ ಮಾಡಿ ಆಮೇಲೆ ತೆರೆದೆ. ಹುಳಿ ನಾತ ಮುಖಕ್ಕೆ ಹೊಡೆಯಿತು. ಭುಜದ ತನಕ ಕೈಗವಸು ಹಾಕಿ ಕೈ ಇಳಿಸಿದೆ.

ಜೇನುಗೂಡಿನಂಥ ಮುಂದಿನ ಹೊಟ್ಟೆಯನ್ನು ಬೆರಳಿನಿಂದ ಮನೆ ಮನೆ ತಡವಿದೆ. ತಂತಿ ಇಲ್ಲ, ಮೊಳೆ ಇಲ್ಲ. ತಳಕ್ಕೆ ಕೈ ಹಾಕಿದಾಗ ಹಾವಿನ ಹಾಗೆ ಏನೋ ಸುತ್ತಿಕೊಂಡದ್ದು ಸಿಕ್ಕಿತು. ಮೆಲ್ಲಗೆ ಎಳೆದೆ. ಬರುತ್ತಲೇ ಇತ್ತು. ನೂಲಿನ ಹಗ್ಗ, ಗಂಟು ಗಂಟು, ತುದಿಗೆ ಬಣ್ಣ ಬಿಟ್ಟ ಉಣ್ಣೆಯ ಮುದ್ದೆ. ಗೆದ್ದೆ ಅನ್ನಿಸಿತು. ಅದನ್ನು ಎತ್ತಿ ಹಿಡಿದೆ.

"ಇಗಾ ನೋಡ್ರಿ ಚಾಚಾ, ನಿಮ್ಮ ಗುಲಾಬನ ದುಃಖ. ಎರಡು ಮೊಳ ಉದ್ದ ಅದ."

ಕಾಕಾ ನಗಲಿಲ್ಲ. ಚಾಚಾ ಎತ್ತಿನ ತಲೆಯ ಹತ್ತಿರದಿಂದ ಎರಡು ಹೆಜ್ಜೆ ಬಂದು, ಹಗ್ಗದ ನಡುವಿನ ಒಂದು ಗಂಟನ್ನು ನೋಡಿದರು.

"ಇದು ಮಾಣಿಕನ ಕೊರಳಾಗಿಂದು ಮೇಡಂ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸುಟ್ಟೆನೆಂದು ಅವರು ಹೇಳಿದ್ದ ಹಗ್ಗ ನನ್ನ ಕೈಯಲ್ಲಿತ್ತು. ಆಂಥ್ರಾಕ್ಸ್ ಆಗಿದ್ದರೆ ಈ ಹಗ್ಗ ಅವರ ಮನೆಯಲ್ಲಿ, ಅವರ ಮಕ್ಕಳು ಮೊಮ್ಮಕ್ಕಳ ನಡುವೆ ಅಷ್ಟು ದಿನ ಇತ್ತು. ಸುಟ್ಟೆ ಎಂದು ಹೇಳಿದಿರಲ್ಲ ಎಂದೆ.

"ಸುಡ್ಲಿಕ್ಕ ಕೈ ಬರಲಿಲ್ರಿ. ಮುಚ್ಚಿ ಇಟ್ಟಿದ್ದೆ. ನೀವು ರಿಪೋರ್ಟ್ ಚಲೋ ಬಂದದ ಅಂದ ದಿನ ಗುಲಾಬನ ಮುಂದ ತೂಗಹಾಕಿದೆ. ವಾಸನಿ ಮ್ಯಾಲಾದ್ರೂ ಖಬರ್ ಆಗ್ಲಿ ಅಂತ. ನೀವು ಬಂದಾಗ ತೆಗೀತಿದ್ದೆ. ನಾಕು ದಿನದ ಮ್ಯಾಲ ಕಾಣ್ಲಿಲ್ಲ, ನಾಯಿ ಒಯ್ದಿರಬೇಕಂತ ಸುಮ್ಮನಾದೆ."

ಅಲ್ಲಿಗೆ ಮಾತು ಮುಗಿಯಿತೆಂದುಕೊಂಡೆ. ಅವರು ಹಗ್ಗದಿಂದ ಕಣ್ಣು ತೆಗೆಯದೆ ಮುಂದುವರಿಸಿದರು.

"ಕೊರೋನಾದಾಗ ನಮ್ಮ ಅಣ್ಣ ಹೋದ. ಪ್ಲಾಸ್ಟಿಕ್‌ನ್ಯಾಗ ಸುತ್ತಿ ಒಯ್ದ್ರು. ಮಾರಿ ತೋರಿಸ್ಲಿಲ್ಲ, ಒಂದು ಹಿಡಿ ಮಣ್ಣು ಕೊಡ್ಲಿಕ್ಕ ಬಿಡ್ಲಿಲ್ಲ. ಸತ್ತಾನಂತ ಕಾಗದ ಕೊಟ್ಟಾರ. ನನಗಿನ್ನೂ ಖಬರ್ ಆಗಿಲ್ರಿ ಮೇಡಂ. ಬಾಗಿಲು ಸಪ್ಪಳಾದ್ರ ಅವನೇ ಬಂದ ಅನಸ್ತದ. ಇದಕ ಹಂಗ ಆಗ್ಬಾರ್ದಂತ ಮಾಡಿದೆ."

ಎತ್ತಿನ ಹೊಟ್ಟೆ ತೆರೆದಿತ್ತು. ಜಗಳವಾಡಲಿಕ್ಕೂ ಅಳಲಿಕ್ಕೂ ಅದು ಹೊತ್ತಲ್ಲ. ಕಾಕಾ ಸೂಜಿ ಕೊಟ್ಟರು, ನಾನು ಹೊಲಿದೆ. ಹೊಟ್ಟೆಗೆ ಎರಡು ಸಾಲು, ಮಾಂಸಕ್ಕೆ ಒಂದು, ಚರ್ಮಕ್ಕೆ ಒಂದು. ಇಷ್ಟೆಲ್ಲ ಆಗುವ ತನಕ ಗುಲಾಬ ನಿಂತೇ ಇತ್ತು. ಚೌಕಟ್ಟಿನೊಳಗೂ ಎಡಗಡೆಯ ಕೊಳವೆಗೆ ಒತ್ತಿ ನಿಂತಿದ್ದರಿಂದ ಹೊಲಿಯುವುದು ಕಷ್ಟವಾಯಿತು. ಎರಡು ಸಲ ತಳ್ಳಿದೆವು, ಎರಡು ಸಲವೂ ಹಿಂದಕ್ಕೆ ಬಂತು.

ದನ ಹಗ್ಗ ತಿನ್ನುವುದಕ್ಕೆ ನನ್ನ ಬಳಿ ಕಾರಣವಿದೆ. ಮೇವು ಬಿಟ್ಟ ದನಕ್ಕೆ ಉಪ್ಪು, ರಂಜಕ ಕಡಿಮೆಯಾಗುತ್ತದೆ. ಹಗ್ಗದಲ್ಲಿ ಹನ್ನೊಂದು ವರ್ಷದ ಬೆವರಿನ ಉಪ್ಪಿರುತ್ತದೆ. ನೆಕ್ಕುತ್ತದೆ, ಅಗಿಯುತ್ತದೆ, ನುಂಗುತ್ತದೆ. ಸರಿಯಾದ ಉತ್ತರವೇ. ಆದರೆ ಅಂದು ಸಂಜೆ ಗುಲಾಬನನ್ನು ಬಿಡಲು ಹೋದಾಗ ಆ ಕೊಟ್ಟಿಗೆಯ ಗೋಡೆ ನೋಡಿದೆ. ಮಾಣಿಕನ ಹಗ್ಗ ತೂಗಿದ್ದ ಎತ್ತರದಲ್ಲೇ, ಮೂತಿಗೆ ನಿಲುಕುವ ಹಾಗೆ, ಗುಲಾಬನದೇ ಹಳೆಯ ಕೊರಳ ಹಗ್ಗ ಒಂದು, ಮೂಗುದಾರ ಎರಡು ತೂಗುತ್ತಿದ್ದವು. ಬೆವರನ್ನು ಅವೂ ಕುಡಿದಿದ್ದವು. ಹಲ್ಲು ತಾಗಿದ ಗುರುತು ಒಂದರ ಮೇಲೂ ಇರಲಿಲ್ಲ. ಇನ್ನೊಂದು ಲೆಕ್ಕವೂ ನನ್ನನ್ನು ಕಾಡಿತು. ಹಗ್ಗ ಕಾಣೆಯಾದದ್ದು ಒಂಬತ್ತನೆಯ ದಿನ. ಎತ್ತು ಮೇವು ಬಿಟ್ಟದ್ದು ಮೊದಲನೆಯ ದಿನದಿಂದ. ನಾನು ಹೊಟ್ಟೆಯಿಂದ ತೆಗೆದದ್ದು ಕಾರಣವನ್ನಲ್ಲ.

ಶಸ್ತ್ರಚಿಕಿತ್ಸೆ ಮಾತ್ರ ಚೆನ್ನಾಗಿಯೇ ಆಗಿತ್ತು. ಮೂರನೆಯ ದಿನಕ್ಕೆ ಹೊಟ್ಟೆಯ ಗುಡುಗು ಐದು ನಿಮಿಷಕ್ಕೆ ಆರು. ಜ್ವರವಿಲ್ಲ, ಗಾಯ ಒಣಗಿತ್ತು, ಸೆಗಣಿ ಮೆತ್ತಗಾಗಿತ್ತು. ಪುಸ್ತಕದ ಪ್ರಕಾರ ಹಸಿದ ಎತ್ತು. ಗ್ವಾದಲಿಯಲ್ಲಿ ಜೋಳದ ಹಸಿ ಕಣಕಿ ಹಾಕಿದರೆ ಅದರ ಮೇಲಿಂದ ಮೂತಿ ಆಚೆ ತಿರುಗಿಸಿ ಬಾಗಿಲ ಕಡೆ ನೋಡುತ್ತಿತ್ತು. ನಳಿಕೆ ಹಾಕಿ ಅಂಬಲಿ ಇಳಿಸುತ್ತಿದ್ದೆವು. ಐದನೆಯ ದಿನ ಏಳುವಾಗ ಮುಂಗಾಲು ಮಡಚಿ ಮುಗ್ಗರಿಸಿತು. ಇನ್ನೊಮ್ಮೆ ಹಾಗೆ ಬಿದ್ದರೆ ಏಳುವುದಿಲ್ಲ ಎಂದು ನನಗೂ ಗೊತ್ತು, ಚಾಚಾನಿಗೂ ಗೊತ್ತು.

ಗುರುಗಳಿಗೆ ಮತ್ತೆ ಫೋನ್ ಮಾಡಿದೆ. ಒತ್ತಡದ ಹಾರ್ಮೋನು ಅಳೆಯಬಹುದಲ್ಲವೇ ಎಂದು ಕೇಳಿದೆ. ಅಳೆಯಬಹುದು, ಹೆಚ್ಚೇ ಇರುತ್ತದೆ ಎಂದರು. ಹೊಟ್ಟೆ ಕೊಯ್ದದ್ದಕ್ಕೂ ಹೆಚ್ಚಾಗುತ್ತದೆ, ಗಾಡಿಯಲ್ಲಿ ತಂದದ್ದಕ್ಕೂ ಹೆಚ್ಚಾಗುತ್ತದೆ. ಯಾವುದು ಎಷ್ಟೆಂದು ರಕ್ತ ಹೇಳುವುದಿಲ್ಲ. ಹೇಳಿದರೂ ನೀನು ಏನು ಮಾಡುತ್ತಿ ಎಂದು ಕೇಳಿದರು.

ಫೋನ್ ಇಟ್ಟ ಮೇಲೆ ಕಾಕಾ ಗಂಟಲು ಸರಿ ಮಾಡಿಕೊಂಡರು. ಈ ಸಲ ಅವರ ಕಡೆ ನೋಡಿದೆ.

"ಮಾಣಿಕನ ಕುಣಿ ತನಕ ನಡಸ್ಕೊಂಡು ಹೋಗೋಣ್ರಿ ಮೇಡಂ. ರಿಪೋರ್ಟ್ ಬಂದಾದಲ್ಲ. ಮೂಸಿದ್ರ ಈಗ ಯಾರಿಗೇನು ಆಗಂಗಿಲ್ಲ."

ಗುಂಡಿ ತೆಗೆಯುವ ಮಾತಲ್ಲ, ಮೇಲೆ ನಿಲ್ಲಿಸಿ ತರುವ ಮಾತು. ಆರಡಿ ಮಣ್ಣು, ಎರಡು ಪದರ ಸುಣ್ಣದ ಕೆಳಗಿನದು ಮೂಗಿಗೆ ಸಿಗುತ್ತದೆಯೇ? ಸಿಗುವುದಿಲ್ಲ ಎಂದೇ ಅಂದುಕೊಂಡೆ. ಆದರೂ ಹೂಂ ಅಂದೆ. ಹೊಟ್ಟೆ ಕೊಯ್ದ ದನವನ್ನು ಸ್ವಲ್ಪ ಓಡಾಡಿಸುವುದು ಒಳ್ಳೆಯದು ಎಂದು ಚಾಚಾನಿಗೆ ಹೇಳಿದೆ. ನಾನು ಯಾರಿಗೆ ಸುಳ್ಳು ಹೇಳುತ್ತಿದ್ದೇನೆಂದು ಅವರು ಕೇಳಲಿಲ್ಲ.

ಹತ್ತು ಗಂಟೆಯ ಹೊತ್ತು, ಹಿಂದಿನ ದಿನ ಮಳೆಯಾಗಿ ಹೊಲ ಮೆತ್ತಗಿತ್ತು. ಚಾಚಾ ಮುಂದೆ, ಅವರ ಹಿಂದೆ ಗುಲಾಬ, ಆಮೇಲೆ ನಾವಿಬ್ಬರು. ಬಂಡಿಯ ದಾರಿಯಲ್ಲಿ ಎರಡು ಗಾಲಿಯ ಜಾಡಿತ್ತು. ಗುಲಾಬ ಎಡದ ಜಾಡಿನಲ್ಲೇ ನಡೆಯಿತು. ಗುಂಡಿಯ ಮೇಲೆ ಮಳೆಗೆ ಮಣ್ಣು ಕುಸಿದು, ಅಂಚಿನಲ್ಲಿ ಸುಣ್ಣ ಬೆಳ್ಳಗೆ ಹೊರಗೆ ಬಂದಿತ್ತು. ಚಾಚಾ ಒಂದು ಕಡೆಯ ಮುಳ್ಳು ಸರಿಸಿ ಹಗ್ಗ ಸಡಿಲ ಬಿಟ್ಟರು.

ಗುಲಾಬ ಕೂಗಲಿಲ್ಲ. ಮೂತಿ ನೆಲಕ್ಕೆ ಹಚ್ಚಿ, ಗುಂಡಿಯ ಈ ತುದಿಯಿಂದ ಆ ತುದಿಯ ತನಕ ಮೂಸಿತು. ಒಮ್ಮೆ ತಲೆ ಎತ್ತಿ ಮೇಲ್ತುಟಿ ಮಡಚಿ ನಿಂತಿತು. ಗಾಳಿಯನ್ನು ಒಳಗೆ ಎಳೆದು ವಾಸನೆ ಹಿಡಿಯಲು ಎತ್ತುಗಳು ಹಾಗೆ ಮಾಡುತ್ತವೆ. ಮತ್ತೆ ಮೂಸಿತು. ಎಷ್ಟು ಹೊತ್ತೋ ನಾನು ಗಡಿಯಾರ ನೋಡಲಿಲ್ಲ, ಎಲ್ಲವನ್ನೂ ಅಳೆಯುವ ನಾನು. ಆಮೇಲೆ ತಾನಾಗಿಯೇ ತಿರುಗಿ ಮನೆಯ ಕಡೆ ಹೊರಟಿತು.

ಅರ್ಧ ದಾರಿಗೆ ಬಂದಾಗ ಕಾಕಾ ನನ್ನ ತೋಳು ಹಿಡಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಹಿಡಿದದ್ದಿಲ್ಲ. ಗದ್ದ ಎತ್ತಿ ಮುಂದೆ ತೋರಿಸಿದರು. ಗುಲಾಬ ಬಲದ ಜಾಡಿನಲ್ಲಿ ನಡೆಯುತ್ತಿತ್ತು.

ಚಾಚಾ ಹಿಂದೆ ತಿರುಗಿ ನೋಡಿ, ಹಗ್ಗ ಎಡಕ್ಕೆ ಎಳೆದರು. ಒಂದು ಹೆಜ್ಜೆ ಎಡಕ್ಕೆ ಬಂದು ಮತ್ತೆ ಬಲಕ್ಕೆ ಹೋಯಿತು. ಕೊಟ್ಟಿಗೆಗೆ ಬಂದು ಮಾಣಿಕನ ಗೂಟದ ಮುಂದೆ, ಮಾಣಿಕನ ಗೋಡೆಗೆ ಒತ್ತಿ ನಿಂತಿತು. ಎಡಗಡೆ ಖಾಲಿ ಬಿಟ್ಟಿತು. ಕಣಕಿ ಮೂಸಿ, ಒಂದು ದಂಟು ಎಳೆದುಕೊಂಡು ಅಗಿಯಿತು. ಆ ಸದ್ದಿಗೆ ಚಾಚಾ ಗೋಡೆ ಹಿಡಿದು ಕುಳಿತುಬಿಟ್ಟರು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಭಯ. ಯಾಕೆಂದು ಇಂದಿಗೂ ಹೇಳಲಾರೆ.

ತಿನ್ನಲು ಶುರು ಮಾಡಿದ್ದಕ್ಕೆ ನನ್ನ ಬಳಿ ಕಾರಣವಿದೆ. ಹೊಟ್ಟೆ ತೆರೆದ ದನ ಐದಾರು ದಿನಕ್ಕೆ ತಿನ್ನುತ್ತದೆ. ಅಂದು ತಿನ್ನುವ ದಿನವೇ ಆಗಿದ್ದಿರಬಹುದು. ಮಗ್ಗುಲು ಬದಲಿಸಿದ್ದಕ್ಕೆ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಎಡ ಪಕ್ಕೆಯ ಗಾಯಕ್ಕೆ ಗೋಡೆ ತಾಗುತ್ತಿತ್ತು ಎನ್ನೋಣವೆಂದರೆ, ಗಾಯ ಹಸಿಯಿದ್ದ ದಿನಗಳಲ್ಲೂ ಅದು ಎಡಗೋಡೆಗೇ ಒತ್ತಿ ನಿಂತಿತ್ತು. ಬದಲಿಸಿದ್ದು ಗಾಯ ಒಣಗಿದ ಮೇಲೆ, ಗೋಡೆಯೇ ಇಲ್ಲದ ಬಂಡಿಯ ದಾರಿಯಲ್ಲಿ. ಅಲ್ಲಿಂದ ನೇರ ಸತ್ತದ್ದರ ಜಾಗಕ್ಕೆ ಹೋಗಿ ನಿಂತಿತ್ತು. ಹನ್ನೊಂದು ವರ್ಷದ ರೂಢಿ ಎಂದು ಹೇಳಿದ್ದವಳೂ ನಾನೇ. ರೂಢಿ ಒಂದು ಬೆಳಿಗ್ಗೆಯಲ್ಲಿ ಹೋಗುವುದಿಲ್ಲ. ಚೀಟಿಯಲ್ಲಿ "ಶಸ್ತ್ರಚಿಕಿತ್ಸೆಯ ನಂತರ ಗುಣಮುಖ" ಎಂದು ಬರೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಆ ಊರಿಗೆ ಹೋದೆ. ಚಾಚಾ ಹೊಲದಲ್ಲಿ ಗಳೆ ಹೊಡೆಯುತ್ತಿದ್ದರು. ಹೊಸ ಎತ್ತೊಂದನ್ನು ತಂದಿದ್ದರು, ಇನ್ನೂ ಹೋರಿಯ ಸೊಕ್ಕು ಬಿಟ್ಟಿರಲಿಲ್ಲ, ಅದನ್ನು ಎಡಕ್ಕೆ ಹೂಡಿದ್ದರು. ಬಲಕ್ಕೆ ಗುಲಾಬ, ಮೈ ತುಂಬಿಕೊಂಡಿತ್ತು. ಸಾಲಿನ ಕೊನೆಗೆ ಬಂದಾಗ ಚಾಚಾ ನಾಲಗೆ ಲೊಚಗುಟ್ಟಿಸಿ ಕೂಗಿದರು.

"ತಿರುಗು ಮಾಣಿಕ."

ಬಲದ ಎತ್ತು ತಿರುಗಿತು.

ನಾನು ಬದುವಿನ ಮೇಲೆ ಲಸಿಕೆಯ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಹೆಸರು ಬದಲಿಸಿದಿರೇನು ಎಂದು ಕೇಳಿದೆ.

"ನಾ ಎಲ್ಲಿ ಬದಲಿಸಿನ್ರಿ? ಬಾಯಿಗಿ ರೂಢಿ ಆಗ್ಯಾದ, ಬಲದಕ್ಕ ಮಾಣಿಕ ಅಂತೀನಿ. ಗುಲಾಬ ಅಂತ ಕರದ್ರ ಹೊಳ್ಳಿ ನೋಡವಲ್ದು."

ಬಲದ ಜಾಗಕ್ಕೆ ಅದೇ ಕೂಗೆಂದು ಹನ್ನೊಂದು ವರ್ಷ ಪಕ್ಕದಲ್ಲಿ ನಿಂತು ಕೇಳಿದೆಯಲ್ಲ, ಕಲಿತಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಹತ್ತಿರ ಹೋದೆ. ಮಚ್ಚೆ ಅವೇ, ಕಣ್ಣಿನ ಸುತ್ತಲಿನ ಕಪ್ಪು ಅದೇ. ನಾನು ಹೊಲಿದ ಗಾಯ ಒಳಮಗ್ಗುಲಿಗಿತ್ತು, ಹೊಸ ಎತ್ತಿನ ಮೈ ಅಡ್ಡ ಬಂದು ಕಾಣುತ್ತಿರಲಿಲ್ಲ. ನನ್ನ ಕೈಯಾರೆ ಸುಣ್ಣ ಹಾಕಿಸಿ ಹೂಳಿಸಿದವಳು ನಾನು. ಆದರೂ ಅದರ ಕಿವಿ ಹಿಡಿದು, ಹಳದಿ ಬಿಲ್ಲೆಯ ಮೇಲಿನ ಮಣ್ಣು ಒರೆಸಿ, ಹನ್ನೆರಡು ಅಂಕಿಯನ್ನು ಒಂದೊಂದಾಗಿ ರಿಜಿಸ್ಟರಿನ ಜೊತೆ ತಾಳೆ ನೋಡಿದೆ.

"ಗುಲಾಬನ ನಂಬರೇ ಅದ ಚಾಚಾ," ಎಂದೆ.

"ಅದು ನಿಮಗ ಖಬರ್ ಅದ," ಎಂದರು ಚಾಚಾ. "ಅದಕ ಅದನೋ ಇಲ್ಲೋ, ಕೇಳೋದು ಹ್ಯಾಂಗ್ರಿ?"

ಎತ್ತು ನನ್ನ ಕೈಯಿಂದ ಕಿವಿ ಬಿಡಿಸಿಕೊಂಡಿತು. ಕುತ್ತಿಗೆಗೆ ಲಸಿಕೆ ಚುಚ್ಚಿ, ಬದುವಿನ ಮೇಲೆ ಕುಳಿತು ರಿಜಿಸ್ಟರ್ ತೆರೆದೆ. ನಂಬರು ಬರೆದೆ. ಹೆಸರಿನ ಕಾಲಂ ಹಾಗೇ ಬಿಟ್ಟು ಮುಂದಿನ ಎತ್ತಿಗೆ ಹೋದೆ.